ಇನ್ನೂ ಯಾರೂ ಹಾಕಿಲ್ಲ

ಕಚಕಚ ಕಚಕಚ, ಒಂದು ಕ್ಷಣ ಬಿಡುವು, ಮತ್ತೆ ಕಚಕಚ — ಕೂದಲಿಗೆ ಕತ್ತರಿ ಇಡುವ ಮೊದಲು ನನ್ನ ತಮ್ಮ ಗಾಳಿಯನ್ನೇ ನಾಲ್ಕು ಸಲ ಕತ್ತರಿಸುತ್ತಾನೆ, ಅಂಗಡಿ ತೆರೆದ ದಿನದಿಂದಲೂ ಹಾಗೇ, ಸದ್ದು ನಿಂತ್ರೆ ಗಿರಾಕಿ ನಿದ್ದೆ ಹೋಗ್ತಾನಕ್ಕಾ ಅನ್ನುತ್ತಾನೆ, ಈ ಬೆಂಚಿನ ಹರಿದ ರೆಕ್ಸಿನ್ ತೊಡೆಗೆ ಚುಚ್ಚುತ್ತಿದೆ, ಸರಿದು ಕೂರಬಹುದು, ಸರಿದರೆ ಅವನ ಹಿಮ್ಮಡಿ ಕಾಣುವುದಿಲ್ಲ, ನನಗೆ ಹಿಮ್ಮಡಿಯೇ ಬೇಕು. ಅವನು ನಿಂತಿದ್ದಾನೆ. ಎಂಟು ತಿಂಗಳು ಚಕ್ರದ ಸ್ಟೂಲಿನ ಮೇಲೆ ಕೂತು ಕುರ್ಚಿಯ ಸುತ್ತ ಉರುಳಿಕೊಂಡು ಕೂದಲು ಕತ್ತರಿಸಿದವನು, ಗಿರಾಕಿಗಳ ನೆತ್ತಿ ಕಾಣದೆ ತಲೆ ಬಗ್ಗಿಸಿ ಸಾರ್, ಇನ್ನೂ ಸ್ವಲ್ಪ ಬಗ್ಗಿಸಿ ಅಂತ ಬೇಡಿಕೊಂಡವನು, ಈಗ ನಿಂತು, ಎದ್ದು ನಿಂತು, ಪೋಸ್ಟ್ ಮಾಸ್ಟರರ ನೆತ್ತಿಯನ್ನು ಮೇಲಿನಿಂದ ನೋಡುತ್ತಿದ್ದಾನೆ, ಬಲಗಾಲಿಗೆ ಭಾರ, ಈಗ ಎಡಗಾಲಿಗೆ, ಅಂದರೆ ನನ್ನ ಕಾಲಿಗೆ — ನನ್ನದಲ್ಲ, ನಾನು ಮಾಡಿದ್ದು — ಹಿಮ್ಮಡಿ ಸರಿಯಾಗಿ ಊರುತ್ತಿದೆ, ಮಂಡಿ ಒಳಕ್ಕೆ ಬೀಳುತ್ತಿಲ್ಲ, ಸೊಂಟ ಎತ್ತಿ ಹಾಕುತ್ತಿಲ್ಲ, ಚೆನ್ನಾಗಿದೆ, ನಾನು ಇಪ್ಪತ್ತೆಂಟು ವರ್ಷದಲ್ಲಿ ಮಾಡಿದ ಕಾಲುಗಳಲ್ಲೆಲ್ಲ ಇದು ಚೆನ್ನಾಗಿದೆ, ಸಂತೋಷ ಆಗಬೇಕು ಅಲ್ಲವೇ, ಆಗಬೇಕಾದ ಜಾಗದಲ್ಲಿ ಬಾಯೆಲ್ಲ ಹುಳಿ, ಬೆಳಗ್ಗೆಯಿಂದ ಮೂರು ಸಲ ಬಾಯಿ ಮುಕ್ಕಳಿಸಿದೆ, ಹೋಗಲಿಲ್ಲ.

ಬೆಳಗ್ಗೆ, ಅದೇ ಇವತ್ತೇ ಬೆಳಗ್ಗೆ, ಆ ಸಾಲು. ವಿಮಾನ ಹತ್ತುವ ಗೇಟಿನ ಮುಂದೆ ಸಾಲು, ಎಲ್ಲರೂ ಬಾಗಿಲು ಮುಚ್ಚಿಯೇ ಬಿಡುತ್ತದೆ ಅನ್ನುವ ಹಾಗೆ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು, ನನ್ನ ಮುಂದೆ ಒಬ್ಬ ಕೋಟಿನವನು, ಅವನ ತೊಗಲಿನ ಚೀಲ ಊದಿಕೊಂಡು ಜಿಪ್ ಬಿರಿಯುವ ಹಾಗಿತ್ತು, ಅದರ ಮೇಲೆ ಲ್ಯಾಪ್‌ಟಾಪಿನದು ಇನ್ನೊಂದು, ಕೈಯಲ್ಲಿ ಅಂಗಡಿಯ ಮಿರಿಮಿರಿ ಚೀಲ ಮತ್ತೊಂದು, ಗೇಟಿನಲ್ಲಿ ಪಾಸು ನೋಡುತ್ತಿದ್ದ, ಕೊರಳಿಗೆ ಸ್ಕಾರ್ಫ್ ಬಿಗಿದ ಆ ಹುಡುಗಿ — ಹುಡುಗಿ ಯಾಕೆ, ಮೂವತ್ತಾದರೂ ಇರಬೇಕು — ಅವನ ಮುಖ ನೋಡಿದಳು, ಚೀಲ ನೋಡಲಿಲ್ಲ, ಒಳ್ಳೇ ಪ್ರಯಾಣ ಸಾರ್ ಅಂದಳು, ಹಲ್ಲೆಲ್ಲ ಕಾಣುವ ಹಾಗೆ, ಆಮೇಲೆ ನಾನು, ನನ್ನ ಹೆಗಲಿನ ಉದ್ದನೆಯ ಕ್ಯಾನ್ವಾಸ್ ಚೀಲ, ನನ್ನ ಹತ್ತಿ ಸೀರೆ, ಉಗುರಿನ ಸಂದಿನಲ್ಲಿ ಎಷ್ಟು ಉಜ್ಜಿದರೂ ಹೋಗದ ಬಿಳಿ ಪ್ಲಾಸ್ಟರು, ಹಲ್ಲು ಬಾಗಿಲು ಹಾಕಿಕೊಂಡವು. ಅದನ್ನ ಇಲ್ಲಿಡಿ. ಮೇಡಂ ಇಲ್ಲ, ಅಮ್ಮಾ ಕೂಡ ಇಲ್ಲ, ಬೆರಳು ಮಾತ್ರ, ಕೈಚೀಲ ಅಳೆಯುವ ಆ ಕಬ್ಬಿಣದ ಚೌಕಟ್ಟಿನ ಕಡೆ ತೋರಿಸಿದ ಬೆರಳು, ಉಗುರಿಗೆ ತಿಳಿಗುಲಾಬಿ ಬಣ್ಣ. ಇದರಲ್ಲಿ ಹಿಡಿದ್ರೆ ಒಳಗೆ, ಹಿಡೀಲಿಲ್ಲ ಅಂದ್ರೆ ಕೆಳಗೆ. ಕೆಳಗೆ ಅಂದರೆ ವಿಮಾನದ ಹೊಟ್ಟೆಗೆ, ಪೆಟ್ಟಿಗೆಗಳ ಜೊತೆ ಎಸೆಯುವಲ್ಲಿಗೆ. ಮೇಡಂ, ಇದು ಎಸೆಯೋ ಸಾಮಾನಲ್ಲ, ಒಳಗಡೆ ಜೋಡಣೆ ಇದೆ, ಒಂದು ಬೋಲ್ಟು ಅಲ್ಲಾಡಿದ್ರೂ ಕೆಲಸ ಕೆಡತ್ತೆ. ಏನದು? ಕಾಲು. ಏನು? ಕಾಲು ಮೇಡಂ, ಕೃತಕ ಕಾಲು, ನನ್ನ ತಮ್ಮಂದು. ಅವಳು ನನ್ನ ಕಡೆ ನೋಡಲಿಲ್ಲ, ಪಕ್ಕಕ್ಕೆ ತಿರುಗಿ ವಾಕಿಟಾಕಿಯವನನ್ನು ಕರೆದಳು, ಏಯ್ ಬಾರೋ ಇಲ್ಲಿ, ಕಾಲು ತಂದಿದಾರಂತೆ, ಅಂತ ಸಾಲಿಗೆಲ್ಲ ಕೇಳುವ ಹಾಗೆ, ಸಂತೆಯಲ್ಲಿ ಕೂಗುವ ಹಾಗೆ.

ನಾನು ವಿಮಾನದ ಕಂಪನಿಗೆ ಮೊದಲೇ ಫೋನು ಮಾಡಿದ್ದೆನಲ್ಲ, ಮೂರು ದಿನ ಮುಂಚೆ, ವರ್ಕ್‌ಶಾಪಿನ ಹಿಂದಿನ ಮೆಟ್ಟಿಲ ಮೇಲೆ ನಿಂತು, ಒಳಗಡೆ ಗ್ರೈಂಡರ್ ಸದ್ದು, ಒಂದು ಕಿವಿ ಮುಚ್ಚಿಕೊಂಡು, ಆ ಕಡೆಯ ಗಂಡಸಿನ ಸ್ವರ ಎಷ್ಟು ಮೆತ್ತಗಿತ್ತು, ಖಂಡಿತ ಮೇಡಂ, ವೈದ್ಯಕೀಯ ಸಲಕರಣೆಗೆ ಅಳತೆ ಲೆಕ್ಕ ಇಲ್ಲ, ಜೊತೇಲೇ ಇಟ್ಕೊಳ್ಳಿ, ಅದನ್ನೇ ಹೇಳಿದೆ, ಸ್ಕಾರ್ಫಿನವಳು ಹುಬ್ಬು ಎತ್ತಿದಳು, ಫೋನಲ್ಲಿ ಯಾರು ಹೇಳಿದ್ದು, ಹೆಸರೇನು? ಹೆಸರು ಕೇಳಲಿಲ್ಲ. ಹೆಸರು ಗೊತ್ತಿಲ್ಲ ಅಂದ್ರೆ ಹೇಳಿಲ್ಲ ಅಂತ ಅರ್ಥ. ಆಮೇಲೆ ವಾಕಿಟಾಕಿಯವನು ನಿಯಮ ಓದಿದ, ಬಾಯಿಪಾಠ, ಸಲಕರಣೆ ಉಪಯೋಗಿಸೋ ವ್ಯಕ್ತಿ ಅದೇ ವಿಮಾನದಲ್ಲಿ ಇರ್ಬೇಕು, ಇಲ್ಲಾಂದ್ರೆ ಅದು ಸಲಕರಣೆ ಅಲ್ಲ, ಸಾಮಾನು, ಎಲ್ಲಿ ಕಾಲಿನ ಮಾಲೀಕರು? ಅವನು ಊರಲ್ಲಿದಾನೆ ಸಾರ್, ಕಾಲಿಲ್ಲದೆ ಹ್ಯಾಗೆ ಬರ್ತಾನೆ, ಅವನಿಗೇ ತಗೊಂಡ್ಹೋಗ್ತಿರೋದು. ಆಗ ಅವನು ಅಂದ, ಗಂಭೀರವಾಗಿ, ಅದೇ ಅವನ ಜಾಣತನ, ನಗದೆ ಅನ್ನುವುದು, ನಿಮಗೆ ಎರಡೂ ಕಾಲು ಇದೆಯಲ್ಲಮ್ಮಾ, ಮೂರನೇದು ಯಾಕೆ? ಸಾಲು ನಕ್ಕಿತು. ಎಲ್ಲರೂ ಅಲ್ಲ, ಸುಳ್ಳು ಹೇಳಬಾರದು, ಐದಾರು ಜನ, ಉಳಿದವರು ಮೊಬೈಲು ನೋಡಿಕೊಂಡರು, ಹಿಂದಿನಿಂದ ಒಬ್ಬಳು ಬೇಗ ಮುಗಿಸ್ರೀ, ನಮ್ಗೂ ಹೋಗ್ಬೇಕು ಅಂದಳು. ಮತ್ತೆ ನಾನು — ಥೂ — ನಾನೂ ನಕ್ಕೆ. ಬಾಯಿ ತಾನಾಗಿ ಅಗಲವಾಯಿತು, ಗಲ್ಲ ಎಳೆದುಕೊಂಡಿತು, ಕಚೇರಿಗಳಲ್ಲಿ ಸಹಿ ಹಾಕಿಸಿಕೊಳ್ಳುವಾಗ ನಗುವ ಆ ನಗು.

ಚೀಲ ತೆರೀರಿ. ತೆರೆದೆ. ನನ್ನದೇ ಒಂದು ಹಳೇ ಸೀರೆಯಲ್ಲಿ ಸುತ್ತಿದ್ದೆ, ಮೂರು ಸುತ್ತು, ಬಿಚ್ಚಿದೆ, ಎಲ್ಲರ ಎದುರಿಗೆ, ಆ ಬಿಳಿ ದೀಪಗಳ ಕೆಳಗೆ ಅದು ಯಾಕೋ ಬೆತ್ತಲೆ ಅನ್ನಿಸಿತು, ವರ್ಕ್‌ಶಾಪಿನಲ್ಲಿ ಗೋಡೆಗೆ ನಲವತ್ತು ಕಾಲು ನೇತಾಡುತ್ತಿರುತ್ತವೆ, ಅಲ್ಲಿ ಯಾವುದೂ ಬೆತ್ತಲೆ ಅನ್ನಿಸುವುದಿಲ್ಲ. ಪಾದ ಒಂದನ್ನು ಬಿಚ್ಚಿದ್ದರೆ ಚೌಕಟ್ಟಿನಲ್ಲಿ ಹಿಡಿಯುತ್ತಿತ್ತು, ಒಂದೇ ಬೋಲ್ಟು, ಅಲೆನ್ ಕೀಯಲ್ಲಿ ನಾಲ್ಕು ತಿರುವು, ಆ ಕೀಯನ್ನು ತಪಾಸಣೆಯವರು ಅರ್ಧ ಗಂಟೆ ಮುಂಚೆ ಕಿತ್ತುಕೊಂಡು ಉಗುರುಕತ್ತರಿ, ಸಣ್ಣ ಚಾಕುಗಳ ಟ್ರೇಗೆ ಎಸೆದಿದ್ದರು, ಇದು ಆಯುಧ ಅಂತ, ಬೆರಳುದ್ದದ ಕಬ್ಬಿಣದ ಕಡ್ಡಿ. ಮೋಟುಗಾಲು ಕೂರುವ ಸಾಕೆಟ್ಟಿನ ಕಡೆ ಕೆಳಗೆ ಮಾಡಿ ಚೌಕಟ್ಟಿಗೆ ಇಳಿಸಿದೆ, ಪಾದ ಮೇಲೆ ಉಳಿಯಿತು, ನಾಲ್ಕು ಬೆರಳಿನಷ್ಟು ಹೊರಗೆ, ಮುಳುಗಿದವನ ಪಾದದ ಹಾಗೆ. ನೋಡಿದ್ರಾ ಅಂದಳು, ಗೆದ್ದವರ ಹಾಗೆ. ಇಷ್ಟೇ ತಾನೇ ಮೇಡಂ, ನನ್ನ ಕಾಲ ಹತ್ರ ಇಟ್ಕೊಳ್ತೀನಿ, ಮಡಿಲಲ್ಲಿ ಬೇಕಾದ್ರೆ. ಮಡಿಲಲ್ಲಾ! ಪಕ್ಕದಲ್ಲಿ ಕೂರೋರು ಏನಂದುಕೊಳ್ಬೇಕು, ಊಟ ಗೀಟ ಮಾಡ್ತಿರ್ತಾರೆ. ಹಾಗಂದಳು. ಅಂದು, ಅದನ್ನು ಹೊರಗೆಳೆಯಲಿಕ್ಕೆ ಕೈ ಹಾಕಿದಳು, ಹೆಬ್ಬೆರಳಿನ ತುದಿಯನ್ನು ತನ್ನ ಎರಡೇ ಬೆರಳಿನಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುತ್ತಾರಲ್ಲ ಹಾಗೆ ಎತ್ತಿ ಮೇಜಿನ ಮೇಲೆ ಇಟ್ಟಳು, ಆಮೇಲೆ ಆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಬಾಟಲಿ ಎಳೆದುಕೊಂಡಳು, ಸ್ಯಾನಿಟೈಸರ್, ಒಂದು ಸಲ ಒತ್ತಿದಳು, ಎರಡು ಸಲ ಒತ್ತಿದಳು, ಉಜ್ಜಿದಳು, ಅಂಗೈಗೆ ಅಂಗೈ, ಬೆರಳ ಸಂದು, ಉಂಗುರದ ಕೆಳಗೆ, ಮಣಿಕಟ್ಟಿನವರೆಗೂ, ನನ್ನ ಕಣ್ಣೆದುರಿಗೆ, ನಿಧಾನವಾಗಿ.

ಆಗ ನಾನು ಅಂದದ್ದು. ಯಾರೂ ಕೇಳಿರಲಿಲ್ಲ. ಯಾರೂ ಕೇಳದೆ, ನಾನಾಗಿ, ಆ ನಗುವನ್ನು ಹಾಗೇ ಇಟ್ಟುಕೊಂಡು ಅಂದೆ — ಹೊಸದು ಮೇಡಂ, ಇನ್ನೂ ಯಾರೂ ಹಾಕಿಲ್ಲ.

ಎಷ್ಟು ಸಲೀಸಾಗಿ ಬಂತು. ಹೊಸದು, ಅಂದರೆ ನಿಮ್ಮ ಕೈಗೆ ಏನೂ ಅಂಟಿಲ್ಲ, ಅಂದರೆ ಹಾಕಿಕೊಂಡಿದ್ದರೆ ನೀವು ಉಜ್ಜಿದ್ದು ಸರಿ, ಅಂದರೆ ನನ್ನ ತಮ್ಮನ ಮೈ ಮುಟ್ಟಿದ್ದರೆ ಅದು ಗಲೀಜು, ನಿಮ್ಮ ಹಾಗೇ ನನಗೂ ಗೊತ್ತು ಮೇಡಂ, ನಾನೂ ನಿಮ್ಮವಳೇ ಅನ್ನುವ ಹಾಗೆ. ನಾನು! ಇಪ್ಪತ್ತೆಂಟು ವರ್ಷದಿಂದ ಮೋಟುಗಾಲುಗಳನ್ನು ಎರಡೂ ಕೈಯಲ್ಲಿ ಹಿಡಿದವಳು, ಕೀವು, ಬೆವರು, ಬ್ಯಾಂಡೇಜಿನ ಕಮಟು ವಾಸನೆ, ಮೊದಲ ಸಲ ಬಂದವರು ಪಂಚೆಯನ್ನೋ ಸೀರೆಯನ್ನೋ ಎಳೆದು ಮುಚ್ಚಿಕೊಳ್ಳುತ್ತಾರೆ, ಬೇಡಮ್ಮಾ ವಾಸನೆ ಬರತ್ತೆ ಅನ್ನುತ್ತಾರೆ, ನಾನು ಸುಮ್ಮನೆ ಕೈಗೆ ತೆಗೆದುಕೊಳ್ಳುತ್ತೇನೆ, ಹುಟ್ಟಿದ ಮಗುವಿನ ತಲೆ ಹಿಡಿದ ಹಾಗೆ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲನೇ ದಿನ ಅಚ್ಚು ಹಾಕುವುದನ್ನು ಹೇಳಿಕೊಡಲಿಲ್ಲ, ಕೈ ತೊಳೆಯುವುದನ್ನು ಹೇಳಿಕೊಟ್ಟರು, ನೋಡಮ್ಮಾ, ಮುಟ್ಟೋ ಮುಂಚೆ ಅವರ ಎದುರಿಗೇ ತೊಳ್ಕೋ, ಮುಟ್ಟಿದ ಮೇಲೆ ಮಾತ್ರ ಅವರು ಬಾಗಿಲು ದಾಟೋ ತನಕ ಕಾಯಿ, ಆಮೇಲೆ ಎಷ್ಟು ಬೇಕಾದ್ರೂ ತೊಳ್ಕೋ. ಅಷ್ಟೇ ಪಾಠ. ಹಿರಿಯರು ಹೋಗಿ ಹನ್ನೊಂದು ವರ್ಷ, ಇವತ್ತಿನವರೆಗೂ ತಪ್ಪಿಸಿಲ್ಲ, ಹೊಸ ಹುಡುಗಿಯರಿಗೆ ನಾನೂ ಅದನ್ನೇ ಹೇಳಿಕೊಡುತ್ತೇನೆ, ಜಂಬದಿಂದ ಹೇಳಿಕೊಡುತ್ತೇನೆ, ನಾಳಿದ್ದು ಹೋಗಿ ಯಾವ ಮುಖ ಇಟ್ಟುಕೊಂಡು ಹೇಳುವುದು.

ಅವಳೇನೋ ಓ ಹಾಗಾ, ಒಳ್ಳೇದಾಯ್ತು ಅಂದು ಕೆಂಪು ಚೀಟಿಯೊಂದನ್ನು ಕಣಕಾಲಿಗೆ ಸುತ್ತಿದಳು, ಹೆರಿಗೆ ವಾರ್ಡಿನಲ್ಲಿ ಮಗುವಿಗೆ ಸುತ್ತುವ ಹಾಗೆ — ಮತ್ತೆ ಮಗು, ಬೇಡ, ಅದನ್ನು ಮಗು ಮಾಡಿ ನಾನು ಒಳ್ಳೆಯವಳಾಗುವುದು ಬೇಡ — ಸುತ್ತಿದಳು, ಮುಂದಿನವರು ಬನ್ನಿ ಅಂದಳು, ನಾನು ಅದನ್ನು ಸೀರೆಯಲ್ಲಿ ಸುತ್ತಿ ಮತ್ತೆ ಚೀಲಕ್ಕೆ ಹಾಕಿ ಅವಳ ಕಡೆ ಸರಿಸಿ ಥ್ಯಾಂಕ್ಸ್ ಅಂದೆ. ಅದನ್ನೂ ಅಂದೆ. ವಿಮಾನದ ಕಿಟಕಿಯಿಂದ ಕಾಣಿಸಿತು, ಕೆಳಗೆ ಒಬ್ಬ ಗಾಡಿಯಿಂದ ಪೆಟ್ಟಿಗೆಗಳನ್ನು ಬೆಲ್ಟಿನ ಮೇಲೆ ಎಸೆಯುತ್ತಿದ್ದ, ಒಂದು, ಇನ್ನೊಂದು, ನನ್ನ ಕ್ಯಾನ್ವಾಸ್ ಚೀಲ, ಅದು ಮಗುಚಿಕೊಂಡು ಮೇಲೆ ಹತ್ತಿತು, ಅವನನ್ನು ಬಯ್ಯಲಾರೆ, ಅವನಿಗೆ ಅದು ಚೀಲ, ಒಳಗೇನಿದೆ ಅಂತ ಅವನಿಗೆ ಯಾರು ಹೇಳಿದರು. ನನ್ನ ಸೀಟಿನ ಮೇಲಿನ ಗೂಡು, ಅದನ್ನು ಎದ್ದು ತೆಗೆದು ನೋಡಿದೆ, ನೋಡಬಾರದಿತ್ತು, ಒಂದು ಟೋಪಿ, ಮಡಿಸಿದ ಒಂದು ಕೋಟು, ಅಷ್ಟೇ, ಮಿಕ್ಕಿದ್ದೆಲ್ಲ ಖಾಲಿ, ಮೂರು ಕಾಲು ಮಲಗಿಸಬಹುದಿತ್ತು ಆರಾಮಾಗಿ, ಆ ಕೋಟು ನನ್ನ ಮುಂದಿದ್ದವನದೇ, ಅವನು ಅದಾಗಲೇ ಕಾಲು ಚಾಚಿ ಕಣ್ಣು ಮುಚ್ಚಿದ್ದ, ಊದಿದ ಚೀಲ ಎದುರಿನ ಗೂಡಿನಲ್ಲಿ ಹಾಯಾಗಿತ್ತು, ನನಗೆ ವಾಕರಿಕೆ ಬಂತು, ನಿಜವಾಗಿ, ಸೀಟಿನ ಹಿಂದಿನ ಕಾಗದದ ಚೀಲ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತೆ, ಪಕ್ಕದವರು ಕಿಟಕಿ ಕಡೆ ಸರಿದರು. ಏನೂ ಬರಲಿಲ್ಲ. ಒಂದು ಗಂಟೆ ಐವತ್ತು ನಿಮಿಷ ಏನೂ ಬರಲಿಲ್ಲ.

ಅಕ್ಕಾ, ನೋಡ್ತಿದೀಯಾ? ತಮ್ಮ ಕನ್ನಡಿಯಲ್ಲಿ ನನ್ನನ್ನು ಕೇಳುತ್ತಿದ್ದಾನೆ. ನೋಡ್ತಿದೀನಿ, ನೋಡ್ತಿದೀನಿ, ಭಾರ ಪೂರ್ತಿ ಬಿಡು, ಹೆದರಬೇಡ. ಬಿಟ್ಟಿದೀನಲ್ಲ, ಏನೂ ನೋವೇ ಇಲ್ಲ, ಹಳೇದು ನೆನೆಸ್ಕೊಂಡ್ರೆ, ಅಯ್ಯೋ. ಹಳೆಯದು ಇಲ್ಲಿಯವರು ಕೊಟ್ಟದ್ದು, ಅಳತೆ ತೆಗೆಯದೆ ಯಾರಿಗೋ ಮಾಡಿದ್ದನ್ನು ಇವನಿಗೆ ತಗುಲಿಸಿದ್ದರು, ಹದಿನೈದು ದಿನಕ್ಕೆ ಹುಣ್ಣಾಗಿ ಅಟ್ಟ ಸೇರಿತು, ಮೊದಲೇ ಸಕ್ಕರೆ ಕಾಯಿಲೆ, ಹೆಬ್ಬೆರಳ ಗಾಯ ಮಂಡಿಯ ಕೆಳಗಿನವರೆಗೂ ಕಾಲು ತಿಂದದ್ದು ಅದರಿಂದಲೇ, ನಾನು ರಜ ಹಾಕಿ ಬಂದು ಅಚ್ಚು ತೆಗೆದೆ, ಈ ಅಂಗಡಿಯಲ್ಲೇ, ಈ ಕುರ್ಚಿಯಲ್ಲೇ ಅವನನ್ನು ಕೂರಿಸಿ, ಪ್ಲಾಸ್ಟರ್ ಬಿಸಿಯಾಗುತ್ತಿದ್ದಂತೆ ಅವನು ಅತ್ತ, ನೋವಿಗಲ್ಲ, ಇಷ್ಟು ತಿಂಗಳಲ್ಲಿ ನನ್ನ ಹೆಂಡ್ತಿ ಬಿಟ್ರೆ ಯಾರೂ ಇಲ್ಲಿ ಮುಟ್ಟಿಲ್ಲಕ್ಕಾ ಅಂದ. ಅಂದಿದ್ದ. ಅದು ನನಗೆ ಗೊತ್ತಿತ್ತು. ಅದು ಗೊತ್ತಿದ್ದೂ.

ಚೀಲ ಇಳಿದು ಬಂದಾಗ ಹೊರಗಡೆ ಏನೂ ಆಗಿರಲಿಲ್ಲ, ಒಳಗೆ ಪಾದ ಒಳಮುಖವಾಗಿ ತಿರುಗಿತ್ತು, ಬೋಲ್ಟು ಸಡಿಲ, ಎರಡು ದಿನ ಕೂತು ಕೂದಲೆಳೆಯಷ್ಟು ಸರಿಮಾಡಿದ ಜೋಡಣೆ ಹೋಗಿತ್ತು, ಮಧ್ಯಾಹ್ನವೆಲ್ಲ ಅದೇ ಕೆಲಸ, ಇವನ ಕುರ್ಚಿಯ ಅಲೆನ್ ಕೀ ಪುಣ್ಯಕ್ಕೆ ಅದಕ್ಕೆ ಸರಿಹೋಯಿತು, ತಿರುಗಿಸು, ನಡೆಸು, ನೋಡು, ಮತ್ತೆ ತಿರುಗಿಸು, ನಾದಿನಿ, ಇವನ ಹೆಂಡತಿ, ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಆರನೇ ಸಲ ಅವನು ಗೋಡೆ ಬಿಟ್ಟು ಕನ್ನಡಿಯವರೆಗೂ ನಡೆದ, ಅಲ್ಲಿ ತನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿಕೊಂಡ, ಸ್ಟೂಲನ್ನು ಒದ್ದ — ಹೊಸ ಕಾಲಿನಿಂದಲೇ — ಅದು ಉರುಳಿಕೊಂಡು ಹೋಗಿ ಮೂಲೆಗೆ ಬಡಿಯಿತು, ನಾದಿನಿ ನಕ್ಕಳು, ಅತ್ತಳು, ಕಾಫಿ ತರ್ತೀನಿ ಅಂತ ಒಳಗೆ ಓಡಿದಳು. ಆಗಲೂ ನಾನು ಅವನ ಮೋಟುಗಾಲಿಗೆ ಕಾಲುಚೀಲ ಎಳೆದು ಸರಿಮಾಡಿದ ನನ್ನ ಕೈಗಳನ್ನು ಎಲ್ಲಿ ಇಡುವುದು ಗೊತ್ತಾಗದೆ ನಿಂತಿದ್ದೆ, ತೊಳೆಯಲಾರೆ, ಅವನ ಎದುರಿಗೆ ತೊಳೆಯಲಾರೆ, ತೊಳೆಯದಿದ್ದರೂ ಅವಕ್ಕೆ ಬೇರೆ ಏನೋ ಅಂಟಿದೆ.

ಪೋಸ್ಟ್ ಮಾಸ್ಟರರು ಬಟ್ಟೆಯೊಳಗಿಂದ ಕತ್ತು ತಿರುಗಿಸುತ್ತಾರೆ, ಅಲ್ಲಮ್ಮಾ, ಇದನ್ನ ವಿಮಾನದಲ್ಲಿ ಬಿಟ್ರಾ ಅವರು? ನನ್ನ ಮೊಮ್ಮಗಳ ಹಾಲಿನ ಬಾಟ್ಲಿಗೇ ತಕರಾರು ಮಾಡಿದ್ರು. ನಾನು ಬಾಯಿ ತೆರೆಯುವ ಮುಂಚೆ ತಮ್ಮ, ತಲೆ ಅಲ್ಲಾಡಿಸ್ಬೇಡಿ ಸಾರ್, ಯಾಕೆ ಬಿಡಲ್ಲ, ನಮ್ಮಕ್ಕನ್ನ ನೀವು ನೋಡಿಲ್ಲ, ಜಗಳಗಂಟಿ ಅಂತಲೇ ಮನೇಲಿ ಹೆಸರು, ಅಲ್ಲಿದ್ದೋರಿಗೆಲ್ಲ ನೀರಿಳಿಸಿ ತಂದಿರ್ತಾಳೆ. ಕಚಕಚ ಕಚಕಚ. ಅವನಿಗೆ ಕಥೆ ಹೇಳುವ ಹುಮ್ಮಸ್ಸು ಬಂದಿದೆ, ಯಾವ ಕಥೆ ಅಂತ ನನಗೆ ಗೊತ್ತು, ಬೇಡ ಕಣೋ, ಇವತ್ತು ಬೇಡ, ಅನ್ನಬೇಕು, ಅನ್ನುತ್ತಿಲ್ಲ. ನಂಗೆ ಏಳು ವರ್ಷ ಸಾರ್, ಮೈಯೆಲ್ಲ ಕಜ್ಜಿ, ಕ್ಲಾಸಲ್ಲಿ ಮೇಷ್ಟ್ರು ಹಿಂದಿನ ಬೆಂಚಲ್ಲಿ ಒಬ್ಬನ್ನೇ ಕೂರಿಸಿಬಿಟ್ರು, ಯಾರೂ ಅವನನ್ನ ಮುಟ್ಬೇಡಿ ಅಂತ, ಇವಳು ಏಳನೇ ಕ್ಲಾಸು, ಸುದ್ದಿ ತಿಳಿದು ಸೀದಾ ನಮ್ಮ ಕ್ಲಾಸಿಗೆ ನುಗ್ಗಿದಳು ನೋಡಿ, ನನ್ನ ಪಕ್ಕ ಕೂತು, ಹೆಗಲ ಮೇಲೆ ಕೈ ಹಾಕಿ, ನಾನು ದಿನಾ ಮುಟ್ತೀನಿ ಸಾರ್, ನಂಗೇನಾಗಿದೆ ತೋರ್ಸಿ ಅಂದಳು, ಮೇಷ್ಟ್ರ ಮುಖ ನೋಡ್ಬೇಕಿತ್ತು! ಪೋಸ್ಟ್ ಮಾಸ್ಟರರು ನಗುತ್ತಾರೆ, ಭಲೇ ಅನ್ನುತ್ತಾರೆ. ಆ ಹುಡುಗಿ ಎಲ್ಲಿ ಹೋದಳು, ಎರಡು ಜಡೆ, ಮಂಡಿಯಲ್ಲಿ ಗಾಯದ ಗುರುತು, ಮೇಷ್ಟ್ರಿಗೇ ಹೆದರದವಳು ಸ್ಕಾರ್ಫಿಗೆ ಹೆದರಿದಳಾ, ಹೆದರಿದ್ದರೆ ಇನ್ನೂ ಪರವಾಗಿಲ್ಲ, ಹೆದರಿಕೆಯೂ ಅಲ್ಲ ಅದು, ವಿಮಾನ ತಪ್ಪುತ್ತದೆ ಅಂತಲೂ ಅಲ್ಲ, ಅವಳಿಗೆ ನನ್ನ ಮೇಲೆ ಹೇಸಿಗೆ ಬಾರದಿರಲಿ ಅಂತ, ಬರೀ ಅಷ್ಟಕ್ಕೆ, ಮತ್ತೆಂದೂ ನೋಡದ ಒಬ್ಬಳ ಮೂಗು ಸೊಟ್ಟಗಾಗದಿರಲಿ ಅಂತ ನನ್ನವನನ್ನು ಬಿಟ್ಟುಕೊಟ್ಟೆ.

ಹೇಳಕ್ಕಾ, ಏನಂದೆ ಅವರಿಗೆ? ಕತ್ತರಿ ನಿಂತಿದೆ. ನಾದಿನಿ ಕಾಫಿ ಲೋಟ ಹಿಡಿದು ನಿಂತಿದ್ದಾಳೆ, ಮೂರು ಮುಖ ನನ್ನ ಕಡೆ, ಕನ್ನಡಿಯಲ್ಲಿ ಇನ್ನೂ ಮೂರು, ಈಗ ಹೇಳಬಹುದು, ಇದ್ದದ್ದನ್ನು ಇದ್ದ ಹಾಗೆ, ಇಲ್ಲ ಕಣೋ, ನಾನು ಏನೂ ಬಯ್ಯಲಿಲ್ಲ, ನಾನು ಅಂದದ್ದು ಇಷ್ಟು, ಆದರೆ ಅವನು ನಿಂತಿದ್ದಾನೆ, ಎದ್ದು ನಿಂತ ಮೊದಲನೇ ದಿನ, ಬಾಯಿ ತಾನಾಗಿ ಅಗಲವಾಗುತ್ತದೆ, ಗಲ್ಲ ಎಳೆದುಕೊಳ್ಳುತ್ತದೆ, ಅದೇ ನಗು, ಬೈದೆ ಅನ್ನುತ್ತೇನೆ, ಚೆನ್ನಾಗಿ ಬೈದೆ, ಕೊನೆಗೆ ಅವರೇ ಕ್ಷಮಿಸಿ ಅಂದ್ರು. ನೋಡಿದ್ರಾ ಸಾರ್! ತಮ್ಮ ಗಹಗಹಿಸಿ ನಗುತ್ತಾನೆ, ನಗುವಾಗ ಭಾರ ಪೂರ್ತಿ ಎಡಗಾಲಿಗೆ ಬಿಡುತ್ತಾನೆ, ಅದು ಹೊರುತ್ತದೆ, ಪೋಸ್ಟ್ ಮಾಸ್ಟರರು ಬಟ್ಟೆಯಡಿಯಿಂದ ಕೈ ಚಾಚಿ ಅವನ ಪ್ಯಾಂಟಿನ ಮೇಲಿಂದ ಕಣಕಾಲನ್ನು ಬೆರಳಿನಿಂದ ಟಕಟಕ ತಟ್ಟುತ್ತಾರೆ, ಗಟ್ಟಿಯಾಗಿದೆಯಲ್ಲಯ್ಯಾ, ನಾನು ಆ ಕೈಯನ್ನೇ ನೋಡುತ್ತೇನೆ, ಏನು ಮಾಡುತ್ತಾರೆ ಆ ಕೈಯನ್ನು, ಏನೂ ಮಾಡುವುದಿಲ್ಲ, ಅದರಲ್ಲೇ ಮೂಗು ತುರಿಸಿಕೊಂಡು ಕಾಫಿ ಲೋಟ ತೆಗೆದುಕೊಳ್ಳುತ್ತಾರೆ, ಇಷ್ಟು ಸುಲಭ, ಒಬ್ಬ ಮನುಷ್ಯನಿಗೆ ಇದು ಇಷ್ಟು ಸುಲಭ. ಗಡ್ಡಕ್ಕೆ ಬ್ಲೇಡು ಆಡಿಸಿ ಮುಗಿಯಿತು, ತಮ್ಮ ಕಪಾಟಿನಿಂದ ಲೋಷನ್ನಿನ ಬಾಟಲಿ ತೆಗೆಯುತ್ತಾನೆ, ಅಂಗೈಗೆ ಸುರಿದುಕೊಳ್ಳುತ್ತಾನೆ, ಅವರ ಕೆನ್ನೆಗೆ ಹಚ್ಚುವ ಮೊದಲು ಎರಡೂ ಕೈ ಸೇರಿಸಿ ಉಜ್ಜುತ್ತಾನೆ, ಸ್ಪಿರಿಟ್ಟಿನ ಆ ಘಾಟು, ಬೇಡ, ತಲೆ ತಿರುಗಿಸುತ್ತೇನೆ, ಈ ಕಡೆಯೂ ಕನ್ನಡಿ, ಅಂಗೈಗೆ ಅಂಗೈ, ಅಕ್ಕಾ ಕಾಫಿ ಆರತ್ತೆ, ಬೆರಳ ಸಂದು, ಉಂಗುರದ ಕೆಳಗೆ, ತಿಳಿಗುಲಾಬಿ ಉಗುರು, ಒಂದು ಸಲ ಒತ್ತಿ, ಎರಡು ಸಲ ಒತ್ತಿ, ಮಣಿಕಟ್ಟಿನವರೆಗೂ, ನಿಧಾನವಾಗಿ, ಉಜ್ಜುತ್ತಿವೆ, ಆ ಎರಡು ಕೈ, ಉಜ್ಜುತ್ತಲೇ ಇವೆ —